ಬ್ಯಾಂಕಿನ ಪುಸ್ತಕ, ಮನೆಯ ಪುಸ್ತಕ

ಇಲ್ಲಿ ಮಾತನಾಡುವವರು ಇಬ್ಬರು. ಒಬ್ಬರು, ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರಗಳನ್ನು ಬಹುಕಾಲ ನೋಡಿಕೊಂಡಿದ್ದು ಈಗ ವಿಶ್ರಾಂತರಾಗಿರುವ ಹಿರಿಯರು. ಇನ್ನೊಬ್ಬಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬ್ಯಾಂಕುಗಳಿಗಾಗಿ ತಂತ್ರಾಂಶ ರಚಿಸುವ ಸಂಸ್ಥೆಯಲ್ಲಿ ಉದ್ಯೋಗದಲ್ಲಿರುವ, ಅವರ ತಂಗಿಯ ಮಗಳು.

ತರುಣಿ: ಮಾವ, ನನ್ನ ಕಂಪ್ಯೂಟರಿನಲ್ಲಿ ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶವಿದೆ. 1998ರಷ್ಟು ಹಿಂದೆಯೇ ಹೊರಬಂದು, ಬೆಲೆಯಿಲ್ಲದೆ ಯಾರು ಬೇಕಾದರೂ ಬಳಸಬಹುದಾದ, ಒಂದು ಬಾಬ್ತಿಗೆ ಖರ್ಚು ಬರೆದರೆ ಇನ್ನೊಂದು ಬಾಬ್ತಿಗೆ ಜಮಾ ಬರೆಯದೆ ಮುಂದಕ್ಕೆ ಬಿಡದಂಥ ತಂತ್ರಾಂಶವದು. ಜರ್ಮನಿಯಲ್ಲಿ ನೆಲೆಸಿರುವ ನನ್ನ ಗೆಳತಿ ಇದನ್ನೇ ತನ್ನ ಬ್ಯಾಂಕಿಗೆ ನೇರವಾಗಿ ಜೋಡಿಸಿಕೊಂಡು, ಸಂಜೆ ಒಮ್ಮೆ ಆದೇಶ ಕೊಟ್ಟರೆ ಆ ದಿನದ ವ್ಯವಹಾರಗಳೆಲ್ಲ ತಾವಾಗಿಯೇ ತನ್ನ ಪುಸ್ತಕಕ್ಕೆ ಬಂದು ಸೇರುವಂತೆ ಮಾಡಿಕೊಂಡಿದ್ದಾಳೆ. ಹಗಲೆಲ್ಲ ಬ್ಯಾಂಕುಗಳ ತಂತ್ರಾಂಶವನ್ನೇ ರಚಿಸುತ್ತಿರುವ ನಾನಾದರೋ, ನನ್ನ ಸಂಬಳದ ಖಾತೆಯ ಲೆಕ್ಕವನ್ನು ನನ್ನ ಮನೆಯ ಪುಸ್ತಕಕ್ಕೆ ತಂದುಕೊಳ್ಳಬೇಕಾದರೆ ನೆಟ್‌ಬ್ಯಾಂಕಿಂಗಿಗೆ ಹೋಗಿ, ಒಟಿಪಿ ಕೊಟ್ಟು, ಸ್ಟೇಟ್‌ಮೆಂಟಿನ ಫೈಲು ಇಳಿಸಿಕೊಂಡು, ಕೈಯಾರೆ ಒಂದೊಂದಾಗಿ ಒಳಗೆ ಹಾಕುತ್ತ ಕುಳಿತುಕೊಳ್ಳಬೇಕು. ಇದೇಕೆ ಹೀಗೆಂದು ನಿಮ್ಮನ್ನು ಕೇಳಬೇಕೆಂದಿದ್ದೆ.

ಹಿರಿಯರು: ಏಕೆ ಹೀಗೆಂಬುದನ್ನು ವಿಚಾರಿಸುವ ಮೊದಲು, ಜೋಡಿಸುವುದಾದರೂ ಏತಕ್ಕೆಂಬುದನ್ನು ನೀನು ಹೇಳಬೇಕು, ಮಗು. ಬ್ಯಾಂಕಿನವರು ಬರೆದ ಲೆಕ್ಕ ಬ್ಯಾಂಕಿನಲ್ಲಿ ಇದ್ದೇ ಇದೆ. ನೋಡಬೇಕೆನಿಸಿದಾಗ ಫೋನಿನಲ್ಲಿ ನೋಡುತ್ತೀಯೆ. ಅದನ್ನೇ ಇನ್ನೊಂದೆಡೆ ತಂದು ಕೂಡಿಟ್ಟುಕೊಂಡರೆ ಪುಸ್ತಕಗಳ ಸಂಖ್ಯೆ ಹೆಚ್ಚಬಹುದು, ತಿಳಿವಳಿಕೆ ಹೆಚ್ಚೀತೆ?

ತರುಣಿ: ಹೆಚ್ಚುತ್ತದೆ. ನನ್ನ ಸಂಬಳ ಬೀಳುವುದು ಒಂದು ಬ್ಯಾಂಕಿನಲ್ಲಿ, ಮನೆಸಾಲದ ಕಂತು ಹೋಗುವುದು ಇನ್ನೊಂದರಲ್ಲಿ, ಅಮ್ಮನ ಔಷಧಕ್ಕೆಂದು ತೆಗೆದಿರಿಸಿದ್ದು ಮತ್ತೊಂದರಲ್ಲಿ. ಇವಲ್ಲದೆ ಒಂದು ಕ್ರೆಡಿಟ್ ಕಾರ್ಡು. ಪ್ರತಿಯೊಂದು ಬ್ಯಾಂಕೂ ತನಗೆ ಕಂಡಷ್ಟನ್ನು ಮಾತ್ರ ಬರೆಯುತ್ತದೆ. ಸಂಬಳದ ಖಾತೆಯಿಂದ ಮನೆಸಾಲದ ಖಾತೆಗೆ ನಾನು ಹಣ ಸರಿಸಿದೆನೆನ್ನಿ. ಅಲ್ಲಿ ಹಣ ಹೋಯಿತೆಂದು ಬರೆಯುತ್ತಾರೆ, ಇಲ್ಲಿ ಹಣ ಬಂದಿತೆಂದು ಬರೆಯುತ್ತಾರೆ, ಆದರೆ ನಿಜವಾಗಿ ನಾನು ಗಳಿಸಿಯೂ ಇಲ್ಲ, ಖರ್ಚು ಮಾಡಿಯೂ ಇಲ್ಲ. ಈ ಸಂಗತಿ ಆ ಎರಡು ಬ್ಯಾಂಕುಗಳಲ್ಲಿ ಯಾವುದಕ್ಕೂ ತಿಳಿಯದು. ಅವೆರಡೂ ಒಬ್ಬರವೇ ಎಂದು ಬಲ್ಲ ಮನೆಯ ಪುಸ್ತಕಕ್ಕೆ ಮಾತ್ರ ತಿಳಿದೀತು. ಕಾರ್ಡಿನ ಬಿಲ್ಲನ್ನು ತೀರಿಸಿದಾಗಲೂ ಇದೇ ಕಥೆ: ಕಾರ್ಡಿನಲ್ಲಿ ಕೊಂಡಾಗ ಒಮ್ಮೆ, ಬಿಲ್ಲು ಕಟ್ಟಿದಾಗ ಇನ್ನೊಮ್ಮೆ, ಒಂದೇ ಖರ್ಚು ಎರಡಾಗಿ ತೋರುತ್ತದೆ. ಹೀಗಿರುವಾಗ ನನ್ನ ಹಣದ ಪೂರ್ಣಚಿತ್ರ ನನ್ನ ಬಳಿಯಲ್ಲದೆ ಇನ್ನೆಲ್ಲಿಯೂ ಇರಲಾರದು. ಇನ್ನು ಬರೆದುಕೊಳ್ಳುವ ಶ್ರಮದ ಮಾತು. 2016ರಲ್ಲಿ ಯುಪಿಐ ಬಂದ ಮೇಲೆ ವೈಟ್‌ಫೀಲ್ಡಿನ ರಸ್ತೆಬದಿಯ ಎಳನೀರಿನಿಂದ ಹಿಡಿದು ಆಟೋ ಬಾಡಿಗೆಯವರೆಗೆ ಎಲ್ಲವೂ ಬ್ಯಾಂಕಿನ ಖಾತೆಯ ಮೂಲಕವೇ ನಡೆಯುತ್ತಿದೆ. ತಿಂಗಳಿಗೆ ನಾಲ್ಕು ಚೆಕ್ಕು ಬರೆಯುತ್ತಿದ್ದ ಮನೆಯಲ್ಲಿ ಈಗ ದಿನಕ್ಕೆ ಅಷ್ಟು ಬಾಬುಗಳು ಬೀಳುತ್ತಿರುವಾಗ, ಅವನ್ನೆಲ್ಲ ಕೈಯಿಂದ ಬರೆಯುವ ಸಂಕಲ್ಪವನ್ನು ಎಷ್ಟು ಜನ ಒಂದು ವರ್ಷವಾದರೂ ನಡೆಯಿಸಿಯಾರು?

ಹಿರಿಯರು: ನೀನು ಹೇಳಿದ ಮೊದಲ ಮಾತು ಬೆಂಗಳೂರಿನವರಿಗೆ ಬಹಳ ಹತ್ತಿರದ್ದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ಬೇಕರಿ, ಟೀ ಅಂಗಡಿ, ತರಕಾರಿ ವ್ಯಾಪಾರಗಳ ಸಾವಿರಾರು ಮಂದಿಗೆ ಜಿಎಸ್‌ಟಿ ನೋಟೀಸು ಕೊಟ್ಟದ್ದೂ, ಅದರಿಂದ ಬೆದರಿದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಫಲಕ ಇಳಿದು ‘ನಗದು ಮಾತ್ರ’ ಎಂಬ ಚೀಟಿ ಏರಿದ್ದೂ ನಿನಗೆ ನೆನಪಿದೆಯಷ್ಟೆ. ಇಲಾಖೆಗೆ ಕಂಡದ್ದು ಖಾತೆಗೆ ಬಂದ ಹಣದ ಮೊತ್ತ. ಆ ಮೊತ್ತದಲ್ಲಿ ಮಾರಾಟವೆಷ್ಟು, ಊರಿನಿಂದ ಅಣ್ಣ ಕಳಿಸಿದ್ದೆಷ್ಟು, ಕೈಗಡ ಹಿಂದಿರುಗಿದ್ದೆಷ್ಟು, ಚೀಟಿಯ ಹಣವೆಷ್ಟು ಎಂಬುದನ್ನು ಹೇಳಬೇಕಾದವನು ಅಂಗಡಿಯವನು. ಅನೇಕರು ಬಾಯಿಮಾತಿನಲ್ಲಿ ಹಾಗೆ ಹೇಳಿದರು ಕೂಡ. ಆದರೆ ಹಾಗೆ ಬಿಡಿಸಿ ತೋರಿಸತಕ್ಕ ಒಂದು ಸ್ವಂತ ಪುಸ್ತಕವನ್ನು ಇಟ್ಟವರು ಅವರಲ್ಲಿ ಬಹಳ ಮಂದಿ ಇದ್ದಿರಲಾರರು. ನೋಟೀಸು ಕೊಟ್ಟದ್ದು ಸರಿಯೊ ತಪ್ಪೊ ಎಂಬ ಚರ್ಚೆ ಬೇರೆ. ನನ್ನ ಮನಸ್ಸನ್ನು ನೋಯಿಸಿದ್ದು, ಆ ವ್ಯಾಪಾರಿಯ ಹಣದ ವೃತ್ತಾಂತ ಬ್ಯಾಂಕಿಗೆ ಗೊತ್ತು, ಪಾವತಿಯ ಸಂಸ್ಥೆಗೆ ಗೊತ್ತು, ಸರ್ಕಾರಕ್ಕೆ ಗೊತ್ತು, ಅವನ ಕೈಯಲ್ಲಿ ಮಾತ್ರ ಏನೂ ಇಲ್ಲ ಎಂಬುದು. ಹಿಂದೆ ಬರೆಯಲು ಬಾರದ ರೈತನ ಲೆಕ್ಕ ಬಹುಮಟ್ಟಿಗೆ ಶಾನುಭೋಗರ ಕಡತದಲ್ಲಿಯೇ ಇರುತ್ತಿತ್ತು. ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಅವರು ಬರೆದದ್ದೇ ಅವನ ಪಾಲಿಗೆ ಶಾಸನ. ಗ್ರಾಮದ ಆ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯಿದೆಯಿಂದ ತೆಗೆದುಹಾಕಿದೆವು. ಲೆಕ್ಕ ಇನ್ನೊಬ್ಬರ ಕೈಯಲ್ಲಿಯೇ ಇರುವ ಸ್ಥಿತಿ ಮಾತ್ರ ಇನ್ನೊಂದು ವೇಷದಲ್ಲಿ ಉಳಿದಿದೆ.

ತರುಣಿ: ಹಾಗಾದರೆ ಜೋಡಣೆಯನ್ನು ನೀವು ಒಪ್ಪಿದಂತಾಯಿತಲ್ಲವೆ?

ಹಿರಿಯರು: ಪುಸ್ತಕ ಬೇಕೆಂಬುದನ್ನು ಒಪ್ಪಿದೆನು, ಜೋಡಣೆಯನ್ನು ಇನ್ನೂ ಒಪ್ಪಿಲ್ಲ. ನನ್ನ ಸಂದೇಹವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಕೇಳು. ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ನಮ್ಮ ಬಳಿ ಒಂದು ನಗದು ಪುಸ್ತಕವಿತ್ತು, ಬ್ಯಾಂಕಿನಿಂದ ತಿಂಗಳಿಗೊಮ್ಮೆ ಸ್ಟೇಟ್‌ಮೆಂಟು ಬರುತ್ತಿತ್ತು. ತಿಂಗಳ ಮೊದಲ ವಾರದಲ್ಲಿ ಅವೆರಡನ್ನೂ ಎದುರೆದುರು ಇಟ್ಟುಕೊಂಡು, ಒಂದೊಂದು ಬಾಬಿಗೂ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ತಾಳೆ ನೋಡುತ್ತಿದ್ದೆವು. ನಮ್ಮ ಶಿಲ್ಕೂ ಅವರ ಶಿಲ್ಕೂ ಎಂದೂ ಒಂದೇ ಆಗಿರುತ್ತಿರಲಿಲ್ಲ, ಆಗಿರಬೇಕಾಗಿಯೂ ಇರಲಿಲ್ಲ. ನಾವು ಉಕ್ಕಿನ ವ್ಯಾಪಾರಿಗೆ ಕೊಟ್ಟ ಚೆಕ್ಕನ್ನು ಆತ ಇನ್ನೂ ಹಾಕಿರುವುದಿಲ್ಲ. ನಾವು ಕಟ್ಟಿದ ಹೊರ ಊರಿನ ಚೆಕ್ಕು ಇನ್ನೂ ಪಾಸಾಗಿರುವುದಿಲ್ಲ. ಓವರ್‌ಡ್ರಾಫ್ಟ್ ಖಾತೆಯ ಬಡ್ಡಿಯನ್ನು ಅವರು ಹಿಡಿದುಕೊಂಡಿರುತ್ತಾರೆ, ನಮಗೆ ತಿಳಿದಿರುವುದಿಲ್ಲ. ಈ ಮೂರು ಬಗೆಯ ವ್ಯತ್ಯಾಸಗಳನ್ನು ಕಳೆದ ಮೇಲೆ ಉಳಿಯುವ ನಾಲ್ಕನೆಯದುಂಟಲ್ಲ, ಅದೇ ತಪ್ಪು, ಅವರದೋ, ನಮ್ಮದೋ. ಇನ್ನೊಂದು ಕಾರ್ಖಾನೆಯ ಚೆಕ್ಕು ನಮ್ಮ ಖಾತೆಗೆ ಖರ್ಚಾದದ್ದನ್ನೂ, ಒಂದೇ ಕಮಿಷನ್ನು ಎರಡು ಸಲ ಕಡಿತವಾದದ್ದನ್ನೂ ನಾವು ಹಿಡಿದದ್ದು ಹೀಗೆ. ಹಿಡಿಯಲು ಸಾಧ್ಯವಾದದ್ದಾದರೂ ಏಕೆ? ಆ ಎರಡು ಪುಸ್ತಕಗಳನ್ನು ಇಬ್ಬರು, ಒಬ್ಬರನ್ನೊಬ್ಬರು ನೋಡಿಕೊಳ್ಳದೆ ಬರೆದಿದ್ದರೆಂಬ ಒಂದೇ ಕಾರಣದಿಂದ. 1891ರಿಂದಲೂ ನಮ್ಮ ದೇಶದಲ್ಲಿ ಬ್ಯಾಂಕಿನ ಪುಸ್ತಕದ ದೃಢೀಕೃತ ನಕಲನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವ ಕಾಯಿದೆಯಿದೆ. ಅಷ್ಟು ಬಲವಾದ ಸಾಕ್ಷಿಯ ಎದುರಿಗೆ ನಿನ್ನದೂ ಒಂದು ಮಾತಿರಬೇಡವೆ? ಈಗ ನೀನು ಬ್ಯಾಂಕಿನ ಪುಸ್ತಕವನ್ನೇ ನಿನ್ನ ಪುಸ್ತಕಕ್ಕೆ ಹರಿಯಬಿಟ್ಟರೆ ಎರಡೂ ಎಂದೆಂದಿಗೂ ಹೊಂದಿಕೊಂಡೇ ಇರುತ್ತವೆ. ಏಕೆಂದರೆ ಇರುವುದು ಒಂದೇ ಪುಸ್ತಕ. ಅವರ ತಪ್ಪು ನಿನ್ನ ಮನೆಗೆ ಬಂದು ನಿನ್ನ ಕೈಬರಹದಲ್ಲಿಯೇ ಕುಳಿತಿರುತ್ತದೆ.

ತರುಣಿ: ಮಾವ, ಈ ಆಕ್ಷೇಪ ಪೂರ್ತಿಯಾಗಿ ನ್ಯಾಯವಾದದ್ದು, ಜೋಡಣೆಯ ವಿಷಯದಲ್ಲಿ ಇದಕ್ಕಿಂತ ಗಂಭೀರವಾದ ಆಕ್ಷೇಪವನ್ನು ನಾನು ಕೇಳಿಲ್ಲ. ಆದರೆ ಒಳ್ಳೆಯ ತಂತ್ರಾಂಶ ಮಾಡಬೇಕಾದದ್ದು ನಕಲಲ್ಲ, ನೀವು ಹೇಳಿದ ತಾಳೆಯನ್ನೇ. ನಾನು ಕೊಂಡದ್ದನ್ನು ಕೊಂಡ ಹೊತ್ತಿನಲ್ಲಿಯೇ ಬರೆದುಕೊಂಡಿದ್ದರೆ, ಬ್ಯಾಂಕಿನಿಂದ ಬಂದ ಬಾಬನ್ನು ಅದು ಮೊದಲು ನನ್ನ ಬರಹದೊಡನೆ ಹೋಲಿಸುತ್ತದೆ; ಮೊತ್ತವೂ ದಿನಾಂಕವೂ ಹೊಂದಿದರೆ ಎರಡಕ್ಕೂ ಗುರುತು ಹಾಕುತ್ತದೆ; ಹೊಂದದಿದ್ದರೆ ಅದನ್ನು ತಾನೇ ಸೇರಿಸಿಕೊಳ್ಳದೆ ನನ್ನ ಮುಂದಿಟ್ಟು, ಇದೇನೆಂದು ಕೇಳುತ್ತದೆ. ಕೆಂಪು ಪೆನ್ಸಿಲಿನ ಕೆಲಸವನ್ನು ಯಂತ್ರ ಮಾಡುತ್ತದೆ. ನಾಲ್ಕನೆಯ ಬಗೆಯದನ್ನು ಹುಡುಕುವುದು ನನಗೇ ಉಳಿಯುತ್ತದೆ.

ಹಿರಿಯರು: ಕೊಂಡ ಹೊತ್ತಿನಲ್ಲಿಯೇ ಬರೆಯುವವರು ಎಷ್ಟು ಮಂದಿ?

ತರುಣಿ: ಕಡಮೆ. ಚಿಲ್ಲರೆ ಖರ್ಚುಗಳನ್ನು ನಾನೂ ಬರೆಯುವುದಿಲ್ಲ. ಬಾಡಿಗೆ, ಕಂತು, ವಿಮೆ, ಶಾಲೆಯ ಶುಲ್ಕ, ಇನ್ನೊಬ್ಬರಿಗೆ ಕೊಟ್ಟದ್ದು, ಇನ್ನೊಬ್ಬರಿಂದ ಬಂದದ್ದು, ಇವಿಷ್ಟನ್ನು ಮೊದಲೇ ಬರೆದಿಟ್ಟು, ಉಳಿದುದನ್ನು ಬ್ಯಾಂಕಿನ ಸಾಲುಗಳಿಂದ ತುಂಬಿಕೊಂಡರೂ ನೀವು ಹೇಳುವ ಸ್ವತಂತ್ರ ಸಾಕ್ಷ್ಯ ಮುಖ್ಯವಾದೆಡೆಗಳಲ್ಲಿ ಉಳಿಯುತ್ತದೆ. ಬ್ಯಾಂಕಿನಿಂದ ಬಂದ ಸಾಲನ್ನು ಸಾಕ್ಷಿಯ ಹೇಳಿಕೆಯೆಂದು ಸ್ವೀಕರಿಸಬೇಕು, ತೀರ್ಪೆಂದಲ್ಲ.

ಹಿರಿಯರು: ಆ ನಿಯಮವನ್ನು ಪಾಲಿಸುವುದಾದರೆ ನನ್ನ ವಿರೋಧವಿಲ್ಲ. ಇನ್ನು ನೀನು ಮೊದಲು ಕೇಳಿದ್ದಕ್ಕೆ ಬಾ. ಜೋಡಿಸುವ ದಾರಿ ಯಾವುದು?

ತರುಣಿ: ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕೆಟ್ಟದ್ದು, ಪಾಸ್‌ವರ್ಡನ್ನೇ ಕೊಟ್ಟುಬಿಡುವುದು. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನಲ್ಲಿಯೇ ದೊಡ್ಡ ಎಂಜಿನಿಯರಿಂಗ್ ಕೇಂದ್ರವನ್ನಿಟ್ಟುಕೊಂಡಿದ್ದ ಯಾಡ್ಲೀ ಎಂಬ ಸಂಸ್ಥೆ ಈ ಮಾರ್ಗವನ್ನು ಬಹಳ ದೂರ ನಡೆಯಿಸಿತು: ಗ್ರಾಹಕನ ಹೆಸರು ಮತ್ತು ಪಾಸ್‌ವರ್ಡುಗಳನ್ನು ಪಡೆದು, ಅವನಂತೆಯೇ ಬ್ಯಾಂಕಿನ ಪುಟಕ್ಕೆ ಹೊಕ್ಕು, ಪರದೆಯ ಮೇಲಿನ ಅಂಕಿಗಳನ್ನು ಓದಿಕೊಂಡು ಬರುವುದು.

ಹಿರಿಯರು: ಮನೆಯ ಲೆಕ್ಕವನ್ನು ಬರೆದುಕೊಡೆಂದು ಕರೆದವನ ಕೈಗೆ ತಿಜೋರಿಯ ಬೀಗದಕೈಯನ್ನು ಕೊಟ್ಟ ಹಾಗಾಯಿತು.

ತರುಣಿ: ಹೌದು, ಲೆಕ್ಕ ಓದುವುದಕ್ಕೂ ಹಣ ತೆಗೆಯುವುದಕ್ಕೂ ಒಂದೇ ಕೈ ಸಾಕಾಗುವಂತಿದ್ದದ್ದೇ ಅದರ ದೋಷ. ನಮ್ಮಲ್ಲಿ ಒಟಿಪಿಯ ಎರಡನೆಯ ಕಾವಲಿರುವುದರಿಂದ ಅಪಾಯ ಕೊಂಚ ಕಡಮೆಯಾದರೂ ಹೊಣೆ ಕಡಮೆಯಾಗುವುದಿಲ್ಲ. ರಿಜರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ, ಬ್ಯಾಂಕಿನದೂ ಅಲ್ಲದ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲವೆಂದು ಹೇಳಿದೆ. ಅದೇ ಸುತ್ತೋಲೆಯಲ್ಲಿ, ಗುಟ್ಟಿನ ವಿವರಗಳನ್ನು ತಾನೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದೂ ಹೇಳಿದೆ. ಲೆಕ್ಕದ ಆ್ಯಪಿಗೆಂದು ಕೊಟ್ಟರೂ ಕೊಟ್ಟದ್ದು ಕೊಟ್ಟದ್ದೇ.

ಹಿರಿಯರು: ಫೋನಿಗೆ ಬರುವ ಎಸ್‌ಎಂಎಸ್‌ಗಳನ್ನು ಓದಿ ಲೆಕ್ಕ ಬರೆಯುವ ಆ್ಯಪುಗಳೂ ಇದ್ದುವಲ್ಲ?

ತರುಣಿ: ಇದ್ದುವು, ಅವುಗಳ ಚರಿತ್ರೆಯೇ ಒಂದು ಪಾಠ. 2014ರ ಸುಮಾರಿನಲ್ಲಿ ಪುಣೆಯ ವಾಲ್‌ನಟ್ ಎಂಬ ಆ್ಯಪೂ ಬೆಂಗಳೂರಿನ ಮನಿ ವ್ಯೂ ಎಂಬುದೂ ಬ್ಯಾಂಕಿನ ಎಸ್‌ಎಂಎಸ್‌ಗಳನ್ನೋದಿ, ಈ ತಿಂಗಳು ಹೋಟೆಲಿಗೆಷ್ಟು, ಪೆಟ್ರೋಲಿಗೆಷ್ಟು ಎಂದು ಜನರಿಗೆ ತಿಳಿಸುತ್ತಿದ್ದುವು. ವಾಲ್‌ನಟ್ಟನ್ನು 2018ರಲ್ಲಿ ಬೆಂಗಳೂರಿನ ಸಾಲ ಕೊಡುವ ಸಂಸ್ಥೆಯಾದ ಕ್ಯಾಪಿಟಲ್ ಫ್ಲೋಟ್ ಕೊಂಡಿತು. ಮನಿ ವ್ಯೂ ತಾನೇ ಸಾಲದ ವ್ಯವಹಾರಕ್ಕೆ ತಿರುಗಿತು. 2008ರಲ್ಲಿ ಇಲ್ಲಿಯೇ ಹುಟ್ಟಿ, ವ್ಯಕ್ತಿಗಳ ಹಣದ ಲೆಕ್ಕಗಳನ್ನು ಒಂದೆಡೆ ಕೂಡಿಸಿಕೊಡುವ ಉದ್ದೇಶದಿಂದ ಹೊರಟ ಪರ್ಫಿಯಾಸ್ ಕೂಡ ಮುಂದೆ, ಸಾಲ ಕೇಳಿದವರ ಸ್ಟೇಟ್‌ಮೆಂಟುಗಳನ್ನು ವಿಶ್ಲೇಷಿಸಿ ಬ್ಯಾಂಕುಗಳಿಗೆ ಒಪ್ಪಿಸುವ ಕೆಲಸದಲ್ಲಿಯೇ ಬೆಳೆಯಿತು. ಯಾರನ್ನೂ ದೂಷಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮನೆಯ ಲೆಕ್ಕ ನೋಡಿಕೊಳ್ಳುವವನು ಅದಕ್ಕಾಗಿ ಹಣ ಕೊಡುವುದಿಲ್ಲ. ಅದೇ ಲೆಕ್ಕವನ್ನು ನೋಡಿ ಸಾಲ ಕೊಡುವವನು ಕೊಡುತ್ತಾನೆ. ಆದುದರಿಂದ ನಮಗೆಂದು ಆರಂಭವಾದದ್ದೆಲ್ಲವೂ ನಮ್ಮನ್ನು ಅಳೆಯುವವರ ಕಡೆಗೆ ಹರಿಯಿತು.

ಹಿರಿಯರು: ಇದು ಬಹಳ ಮುಖ್ಯವಾದ ಮಾತು. ಲೆಕ್ಕ ಬರೆಯುವವನಿಗೆ ಸಂಬಳ ಕೊಡುವವರು ಯಾರೆಂಬುದರ ಮೇಲೆ ಆ ಲೆಕ್ಕ ಯಾರ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆಂಬುದು ನಿಂತಿದೆ. ಹಾಗಾದರೆ ಫೈಲನ್ನೇ ಇಳಿಸಿಕೊಳ್ಳುವುದರಲ್ಲಿ ಏನು ಕಷ್ಟ? ಅದು ಯಾರ ಕೈಗೂ ಸಿಕ್ಕದ ದಾರಿಯಷ್ಟೆ.

ತರುಣಿ: ಅದು ನಿಜವಾಗಿಯೂ ಎಲ್ಲಕ್ಕಿಂತ ನಿರ್ಮಲವಾದ ದಾರಿ, ನಾನು ಈಗ ನಡೆಯುತ್ತಿರುವುದೂ ಅದರಲ್ಲಿಯೇ. ಕಷ್ಟವಿರುವುದು ಫೈಲಿನ ಸ್ವರೂಪದಲ್ಲಿ. ಹೊರದೇಶದಲ್ಲಿ 1997ರಲ್ಲಿಯೇ ಮೈಕ್ರೋಸಾಫ್ಟ್, ಇಂಟ್ಯೂಟ್, ಚೆಕ್‌ಫ್ರೀ ಎಂಬ ಮೂರು ಸಂಸ್ಥೆಗಳು ಕೂಡಿ ಒಎಫ್‌ಎಕ್ಸ್ ಎಂಬ ಒಂದು ಸಾಮಾನ್ಯ ಸ್ವರೂಪವನ್ನು ಗೊತ್ತುಮಾಡಿದುವು. ಅದರಲ್ಲಿ ಪ್ರತಿಯೊಂದು ಬಾಬಿಗೂ ಬ್ಯಾಂಕೇ ಕೊಟ್ಟ ಒಂದು ಪ್ರತ್ಯೇಕವಾದ ಗುರುತಿನ ಸಂಖ್ಯೆ ಇರುವುದರಿಂದ, ಹತ್ತನೆಯ ತಾರೀಖಿನವರೆಗಿನ ಫೈಲನ್ನು ಒಮ್ಮೆ ಹಾಕಿ, ಐದರಿಂದ ಇಪ್ಪತ್ತರವರೆಗಿನದನ್ನು ಮತ್ತೊಮ್ಮೆ ಹಾಕಿದರೂ ಐದರಿಂದ ಹತ್ತರವರೆಗಿನವು ಎರಡೆರಡಾಗುವುದಿಲ್ಲ. ಜರ್ಮನಿಯ ಬ್ಯಾಂಕುಗಳಾದರೋ ಕಳೆದ ಶತಮಾನದ ಕೊನೆಯ ದಶಕದಿಂದಲೇ, ಗ್ರಾಹಕನ ಕಂಪ್ಯೂಟರಿನಲ್ಲಿರುವ ತಂತ್ರಾಂಶವೂ ಬ್ಯಾಂಕೂ ನೇರವಾಗಿ ಮಾತನಾಡಿಕೊಳ್ಳತಕ್ಕ ಒಂದು ಸಮಾನ ಕ್ರಮವನ್ನು ಒಪ್ಪಿಕೊಂಡಿವೆ. ನನ್ನ ಗೆಳತಿಗೆ ದೊರೆತದ್ದು ಅದೇ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವುದು ಪಿಡಿಎಫ್, ಇಲ್ಲವೆ ಎಕ್ಸೆಲ್. ಒಂದು ಬ್ಯಾಂಕಿನಲ್ಲಿ ಜಮಾ-ಖರ್ಚುಗಳಿಗೆ ಎರಡು ಅಂಕಣ. ಇನ್ನೊಂದರಲ್ಲಿ ಒಂದೇ ಅಂಕಣ, ಪಕ್ಕದಲ್ಲಿ ‘ಸಿಆರ್’, ‘ಡಿಆರ್’. ಒಂದರಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳ ಹೆಸರು. ವಿವರಣೆಯ ಅಂಕಣದಲ್ಲಿ ಯುಪಿಐ ಎಂಬ ಮೂರಕ್ಷರ, ಹನ್ನೆರಡು ಅಂಕಿಗಳ ಉಲ್ಲೇಖಸಂಖ್ಯೆ, ಅರ್ಧಕ್ಕೆ ಕಡಿದುಹೋದ ಯಾರದೋ ಹೆಸರು. ಅದು ಹಾಲಿನವರೊ, ಹೂವಿನವರೊ ಎಂದು ತಿಂಗಳ ಮೇಲೆ ಯಾರಿಗೆ ನೆನಪಿದ್ದೀತು? ಯುಪಿಐ ಲೈಟ್ ಬಳಸುವವರಿಗಂತೂ ಸಣ್ಣ ಪಾವತಿಗಳ ಸಾಲುಗಳು ಸ್ಟೇಟ್‌ಮೆಂಟಿನಲ್ಲಿ ಬರುವುದೇ ಇಲ್ಲ. ಲೈಟಿಗೆ ಹಣ ತುಂಬಿಸಿಕೊಂಡದ್ದು ಮಾತ್ರ ಒಂದು ಸಾಲಾಗಿ ಕಾಣುತ್ತದೆ.

ಹಿರಿಯರು: ಕಾರ್ಖಾನೆಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಹುಟ್ಟಿದ್ದು ನಮ್ಮ ಪೀಣ್ಯದಂಥ ಕಡೆಗಳ ಅಗತ್ಯದಿಂದಲೇ ಎನ್ನಬಹುದು. ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿಗಳನ್ನೂ ಯಂತ್ರದ ಭಾಗಗಳನ್ನೂ ಒದಗಿಸುತ್ತಿದ್ದ ಶ್ಯಾಮ್‌ಸುಂದರ್ ಗೋಯೆಂಕಾ ಅವರು ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಕ್ಕದೆ ಮಗ ಭರತ್ ಗೋಯೆಂಕಾ ಅವರಿಗೆ ಬರೆಯಹೇಳಿದರು. 1986ರಲ್ಲಿ ಸಂಸ್ಥೆ ಆರಂಭವಾಯಿತು. ಮಗನಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಆ ತಂತ್ರಾಂಶದೊಳಗಿಂದಲೇ ಕೆಲವು ಬ್ಯಾಂಕುಗಳ ಶಿಲ್ಕನ್ನೂ ಸ್ಟೇಟ್‌ಮೆಂಟನ್ನೂ ನೋಡುವ ಅನುಕೂಲ ಈಗ ಬಂದಿದೆಯೆಂದು ಕೇಳಿದ್ದೇನೆ. ಕರೆಂಟ್ ಖಾತೆಯ ವ್ಯಾಪಾರಿಗೆ ಸಾಧ್ಯವಾದದ್ದು ಉಳಿತಾಯ ಖಾತೆಯ ಸಂಸಾರಿಗೆ ಏಕಾಗಬಾರದು? ಅದಿರಲಿ, ಸರ್ಕಾರದವರು ಒಪ್ಪಿಗೆ ಪಡೆದು ಲೆಕ್ಕ ಸಾಗಿಸುವ ಯಾವುದೋ ಹೊಸ ವ್ಯವಸ್ಥೆಯನ್ನು ತಂದಿದ್ದಾರೆಂದು ಮೊನ್ನೆ ಹೇಳುತ್ತಿದ್ದೆಯಲ್ಲ.

ತರುಣಿ: ಅಕೌಂಟ್ ಅಗ್ರಿಗೇಟರ್ ಎಂಬ ವ್ಯವಸ್ಥೆ. ಅದು ಚೆನ್ನಾಗಿ ಆಲೋಚಿಸಿ ಕಟ್ಟಿದ್ದು. ಅದರ ಒಕ್ಕೂಟವಾದ ಸಹಮತಿ ಇರುವುದೂ ನಮ್ಮ ಊರಿನಲ್ಲಿಯೇ. ರಿಜರ್ವ್ ಬ್ಯಾಂಕು ಇದರ ನಿರ್ದೇಶನಗಳನ್ನು 2016ರ ಸೆಪ್ಟೆಂಬರ್ 2ರಂದು ಹೊರಡಿಸಿತು. ಐದು ವರ್ಷಗಳ ತರುವಾಯ, 2021ರ ಅದೇ ದಿನ, ಕೆಲವು ದೊಡ್ಡ ಬ್ಯಾಂಕುಗಳೊಡನೆ ವ್ಯವಸ್ಥೆ ಸಾರ್ವಜನಿಕವಾಗಿ ಚಾಲನೆಗೆ ಬಂದಿತು. ಪಾಸ್‌ವರ್ಡನ್ನು ಯಾರಿಗೂ ಕೊಡಬೇಕಾಗಿಲ್ಲ. ಯಾವ ಖಾತೆಯ ಲೆಕ್ಕ, ಯಾವ ದಿನದಿಂದ ಯಾವ ದಿನದವರೆಗೆ, ಯಾರಿಗೆ, ಏತಕ್ಕೆ, ಎಷ್ಟು ಸಲ, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದೆಲ್ಲ ಒಪ್ಪಿಗೆಯ ಪತ್ರದಲ್ಲಿಯೇ ಬರೆದಿರುತ್ತದೆ; ಬೇಡವೆನಿಸಿದ ದಿನ ಹಿಂದಕ್ಕೆ ಪಡೆಯಬಹುದು. ನಡುವೆ ನಿಂತು ಸಾಗಿಸುವ ಅಗ್ರಿಗೇಟರಿಗೆ ಗೂಢಲಿಪಿಯಲ್ಲಿರುವ ಲೆಕ್ಕವನ್ನು ಓದಲಾಗದು, ಅದನ್ನು ತನ್ನಲ್ಲಿಟ್ಟುಕೊಳ್ಳುವಂತಿಲ್ಲ, ಹಣ ಸಾಗಿಸುವ ಅಧಿಕಾರವಂತೂ ಅದಕ್ಕಿಲ್ಲವೇ ಇಲ್ಲ. ನೀವು ತಿಜೋರಿಯ ಬಗ್ಗೆ ಪಟ್ಟ ಭಯಕ್ಕೆ ಇದಕ್ಕಿಂತ ಉತ್ತಮವಾದ ಸಮಾಧಾನವಿಲ್ಲ. ತಾಂತ್ರಿಕ ನಿಯಮಗಳಲ್ಲಿ ಒಪ್ಪಿಗೆಯ ಉದ್ದೇಶಗಳಿಗೆ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ 102 ಎಂಬುದು ಖರ್ಚಿನ ರೀತಿ, ಬಜೆಟ್ ಮುಂತಾದ ವರದಿಗಳಿಗೇ ಮೀಸಲು.

ಹಿರಿಯರು: ಮನೆಯ ಲೆಕ್ಕಕ್ಕೆಂದು ಅಂಕಿಯನ್ನೇ ಇಟ್ಟಿದ್ದಾರೆಂದ ಮೇಲೆ ನಿನ್ನ ಕೆಲಸವಾಯಿತಲ್ಲ!

ತರುಣಿ: ಆಗಲಿಲ್ಲ, ಮಾವ. ಲೆಕ್ಕವನ್ನು ಪಡೆಯುವ ಸಂಸ್ಥೆ ಯಾವುದಾಗಿರಬೇಕೆಂಬ ನಿಯಮವೊಂದಿದೆ: ರಿಜರ್ವ್ ಬ್ಯಾಂಕು, ಸೆಬಿ, ವಿಮಾ ಪ್ರಾಧಿಕಾರ, ಪಿಂಚಣಿ ಪ್ರಾಧಿಕಾರ ಇಂಥ ಯಾವುದಾದರೊಂದು ನಿಯಂತ್ರಕರಲ್ಲಿ ನೋಂದಾಯಿತವಾಗಿರಬೇಕು. ನನ್ನ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ ಓಡುತ್ತಿರುವ ಗ್ನೂಕ್ಯಾಶ್ ಯಾರಲ್ಲಿ ನೋಂದಾಯಿತವಾದೀತು? ನನ್ನ ಲೆಕ್ಕ ಸಾಲದ ಸಂಸ್ಥೆಗೆ ಹೋಗಬಹುದು, ಷೇರುದಲ್ಲಾಳಿಗೆ ಹೋಗಬಹುದು, ವಿಮೆಯವರಿಗೆ ಹೋಗಬಹುದು. ನನ್ನ ಪುಸ್ತಕಕ್ಕೆ ನೇರವಾಗಿ ಬರಲಾರದು. ಬೇಕಾದರೆ ಆ ಸಂಸ್ಥೆಗಳಲ್ಲೊಂದರ ಆ್ಯಪಿನಲ್ಲಿ, ಅವರು ತೋರಿಸಿದ ರೀತಿಯಲ್ಲಿ, ಅವರು ಸಾಲದ ಆಮಂತ್ರಣವನ್ನೂ ಪಕ್ಕದಲ್ಲಿಟ್ಟಿರುವಾಗ, ನಾನು ನೋಡಿಕೊಳ್ಳಬಹುದು. ನಿಯಂತ್ರಕರ ಉದ್ದೇಶ ಒಳ್ಳೆಯದೇ. ಯಾರೆಂದರವರ ಕೈಗೆ ಜನರ ಲೆಕ್ಕ ಸಿಕ್ಕಬಾರದೆಂಬುದು. ಆದರೆ ಹೊರಗಿನವರನ್ನು ತಡೆಯಲು ಹಾಕಿದ ಬೇಲಿಯ ಹೊರಗೆ ಮನೆಯೊಡೆಯನೂ ಉಳಿದುಬಿಟ್ಟಿದ್ದಾನೆ. ಹೆಚ್ಚಿನ ಆಶ್ಚರ್ಯವೆಂದರೆ, 2016ರ ಆ ನಿರ್ದೇಶನಗಳಲ್ಲಿಯೇ ಅಗ್ರಿಗೇಟರಿನ ಕೆಲಸವನ್ನು ವಿವರಿಸುವಲ್ಲಿ, ಲೆಕ್ಕವನ್ನು ಕೂಡಿಸಿ ಅಣಿಮಾಡಿ ಗ್ರಾಹಕನಿಗೆ ಅಥವಾ ಬಳಸುವ ಬೇರೆ ಸಂಸ್ಥೆಗೆ ಒಪ್ಪಿಸುವುದು ಎಂಬರ್ಥದ ಮಾತಿದೆ. ಗ್ರಾಹಕನ ಹೆಸರು ಮೊದಲು ಬಂದಿದೆ. ಆಚರಣೆಯಲ್ಲಿ ಪ್ರವಾಹವೆಲ್ಲ ಎರಡನೆಯವರ ಕಡೆಗೆ.

ಹಿರಿಯರು: ನ್ಯಾಯದ ದೃಷ್ಟಿಯಿಂದ ಇದು ನಿಲ್ಲಬಾರದ ಸ್ಥಿತಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಷ್ಟೆ. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನನ್ನ ಗುಟ್ಟನ್ನು ಇನ್ನೊಬ್ಬರು ನೋಡಬಾರದೆಂಬುದು ಆ ಹಕ್ಕಿನ ಒಂದು ಮುಖವಾದರೆ, ನನ್ನದನ್ನು ನಾನು ಪಡೆಯಬೇಕೆಂಬುದು ಇನ್ನೊಂದು ಮುಖವಾಗಬೇಡವೆ?

ತರುಣಿ: ಆ ಇನ್ನೊಂದು ಮುಖ ಒಮ್ಮೆ ಕಾಣಿಸಿಕೊಂಡಿತ್ತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2018ರಲ್ಲಿ ಕೊಟ್ಟ ಕರಡು ಮಸೂದೆಯಲ್ಲಿ, ವ್ಯಕ್ತಿಯು ತನ್ನ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದುಕೊಂಡು ಬೇಕಾದೆಡೆಗೆ ಒಯ್ಯುವ ಹಕ್ಕಿತ್ತು. 2019ರ ಮಸೂದೆಯಲ್ಲಿಯೂ ಇತ್ತು. 2023ರಲ್ಲಿ ಕಾಯಿದೆಯಾದಾಗ ಅದು ಇರಲಿಲ್ಲ. ಕೇಳಿದರೆ ಮಾಹಿತಿಯ ಸಾರಾಂಶ ದೊರೆಯಬಹುದು. ಒಯ್ಯುವ ಹಕ್ಕು ದೊರೆಯಲಿಲ್ಲ.

ಹಿರಿಯರು: ಕಾಯಿದೆಯ ಬಲವಿಲ್ಲದ ಕಾಲದಲ್ಲಿಯೂ ಬ್ಯಾಂಕಿನವರೇ ಗ್ರಾಹಕನ ಬಾಗಿಲಿಗೆ ಬಂದ ಕಥೆ ನಮ್ಮ ನಾಡಿನಲ್ಲಿಯೇ ಇದೆ. 1925ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಆರಂಭಿಸಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿಯನ್ನು ತೆರೆಯಿತು. ಏಜೆಂಟನು ದಿನವೂ ಮನೆಗೂ ಅಂಗಡಿಗೂ ಬಂದು ಎರಡಾಣೆಯಂಥ ಕಿರುಮೊತ್ತವನ್ನು ಪಡೆದು, ಅಲ್ಲಿಯೇ ಲೆಕ್ಕ ಬರೆದು ಹೋಗುತ್ತಿದ್ದ. ಮಲ್ಲೇಶ್ವರದಲ್ಲಿ ನಮ್ಮ ತಂದೆಯ ಅಂಗಡಿಗೂ ಪಿಗ್ಮಿಯವರು ಬರುತ್ತಿದ್ದರು. ಹಣ ಕೊಟ್ಟವರ ಕಣ್ಣೆದುರಿಗೆ ಬಾಬು ಬೀಳುತ್ತಿತ್ತು, ಆ ಪುಸ್ತಕ ಅಂಗಡಿಯಲ್ಲಿಯೇ ಉಳಿಯುತ್ತಿತ್ತು. ತಪ್ಪಿದ್ದರೆ ಆ ಗಳಿಗೆಯಲ್ಲಿಯೇ ತಿದ್ದಿಸಬಹುದಾಗಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಕಾಲ್ನಡಿಗೆಯ ಏಜೆಂಟನು ಮಾಡಬಲ್ಲವನಾಗಿದ್ದುದನ್ನು ಇಂದಿನ ಯಂತ್ರ ಮಾಡಲಾರದೆಂದರೆ ನಾನು ನಂಬಲಾರೆ.

ತರುಣಿ: ಯಂತ್ರಕ್ಕೆ ಯಾವ ಅಡ್ಡಿಯೂ ಇಲ್ಲ. ಇನ್ಫೋಸಿಸ್ಸಿನ ಫಿನಾಕಲ್ ಎಂಬ ತಂತ್ರಾಂಶ ಹಲವಾರು ದೇಶಗಳ ಬ್ಯಾಂಕುಗಳ ಲೆಕ್ಕವನ್ನು ನಡೆಯಿಸುತ್ತಿದೆ. ಆ ಸಂಸ್ಥೆಯ ಮುಖ್ಯ ಆವರಣ ಇರುವುದು ನಾನು ದಿನವೂ ಬಸ್ಸಿಳಿಯುವ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೊರನಾಡಿನ ಗ್ರಾಹಕರು ಕೇಳಿದರೆ ಇಂಥ ಬಾಗಿಲನ್ನು ನಮ್ಮಂಥವರೇ ಕುಳಿತು ರಚಿಸಿಕೊಡುತ್ತೇವೆ. ಇಲ್ಲಿ ಬೇಕಾದದ್ದು ಮೂರು ಸಣ್ಣ ಸಂಗತಿಗಳು: ಓದಲು ಮಾತ್ರ ಬರುವ, ಹಣ ತೆಗೆಯಲು ಬಾರದ ಒಂದು ಪ್ರತ್ಯೇಕ ಅನುಮತಿ, ಎಲ್ಲ ಬ್ಯಾಂಕುಗಳಿಗೂ ಒಂದೇ ಆದ, ಪ್ರತಿ ಬಾಬಿಗೂ ಗುರುತಿನ ಸಂಖ್ಯೆಯುಳ್ಳ ಫೈಲಿನ ಸ್ವರೂಪ, ಹಣ ಪಡೆದವರ ಪೂರ್ತಿ ಹೆಸರು, ಸಾಧ್ಯವಾದೆಡೆ ಕನ್ನಡದಲ್ಲಿ. ಕೊನೆಯದನ್ನು ಹೇಳಲು ಕಾರಣವಿದೆ. ಪೀಣ್ಯದಲ್ಲಿ ಲೇತಿನ ಮುಂದೆ ನಿಲ್ಲುವ, ರಾಯಚೂರಿನಿಂದಲೊ ಬಾಗಲಕೋಟೆಯಿಂದಲೊ ಬಂದ ಹುಡುಗ ತನ್ನ ಫೋನಿನಲ್ಲಿ ತನ್ನ ಲೆಕ್ಕವನ್ನು ತಾನು ಓದಿಕೊಳ್ಳಬೇಕಾದರೆ ಅದು ಅವನ ಭಾಷೆಯಲ್ಲಿರಬೇಕು.

ಹಿರಿಯರು: ಅಲ್ಲಿಯವರೆಗೆ?

ತರುಣಿ: ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಸಿಎಸ್‌ವಿ ರೂಪಕ್ಕೆ ಬದಲಾಯಿಸಿಕೊಂಡ ಎಕ್ಸೆಲ್ ಫೈಲು. ಯಾವ ಅಂಕಣ ಯಾವುದೆಂದು ಬ್ಯಾಂಕಿಗೊಮ್ಮೆ ತಂತ್ರಾಂಶಕ್ಕೆ ಕಲಿಸಿಟ್ಟಿದ್ದೇನೆ. ಹಾಲಿನವರ ಹೆಸರು ಬಂದರೆ ಹಾಲಿನ ಬಾಬ್ತಿಗೆ ಹಾಕಬೇಕೆಂದು ಅದು ನಿಧಾನವಾಗಿ ಅರಿತುಕೊಳ್ಳುತ್ತದೆ. ಒಂದು ಫೈಲು ಇನ್ನೊಂದರ ಮೇಲೆ ಏರದಂತೆ ತಾರೀಖುಗಳನ್ನು ಎಚ್ಚರದಿಂದ ಕೊಡಬೇಕು; ಹಾಕಿದ ಕೂಡಲೆ ತಂತ್ರಾಂಶದ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನೊಡನೆ ನೋಡಬೇಕು. ಯುಪಿಐ ಮಾಡುವಾಗಲೇ ಟಿಪ್ಪಣಿಯ ಜಾಗದಲ್ಲಿ ಎರಡು ಪದ ಬರೆದರೆ, ಎಲ್ಲ ಬ್ಯಾಂಕುಗಳಲ್ಲಿಯೂ ಅಲ್ಲದಿದ್ದರೂ ಕೆಲವುಗಳಲ್ಲಿ ಅದು ಸ್ಟೇಟ್‌ಮೆಂಟಿಗೂ ಬರುತ್ತದೆ.

ಹಿರಿಯರು: ಅದಿಷ್ಟು ಯಾರಿಗಾದರೂ ಸಾಧ್ಯ. ಅಂಗಡಿಯಿಟ್ಟವರಿಗೆ ನನ್ನದೊಂದು ಸೇರ್ಪಡೆ: ವ್ಯಾಪಾರಕ್ಕೊಂದು ಖಾತೆ, ಮನೆಗೊಂದು ಖಾತೆ, ಎರಡಕ್ಕೆ ಎರಡು ಕ್ಯೂಆರ್. ಇಷ್ಟು ಮಾಡಿಕೊಂಡವನ ಪುಸ್ತಕವನ್ನು ತೆರಿಗೆಯ ಅಧಿಕಾರಿಯೂ ಗೌರವಿಸಬೇಕಾಗುತ್ತದೆ. ಇನ್ನು ಉಳಿದದ್ದನ್ನು ನಾವಿಬ್ಬರೂ ಕೂತು ಪತ್ರವಾಗಿ ಬರೆಯೋಣ; ನೀನು ತಾಂತ್ರಿಕ ಭಾಗವನ್ನು ಬರೆ, ನಾನು ಪೀಣ್ಯದ ಹಳಬರಿಂದ ಸಹಿ ಮಾಡಿಸುತ್ತೇನೆ. ಬ್ಯಾಂಕುಗಳ ಆಡಳಿತದವರನ್ನೂ ರಿಜರ್ವ್ ಬ್ಯಾಂಕಿನವರನ್ನೂ ನಾವು ಹೊಸದೇನನ್ನೂ ಬೇಡುತ್ತಿಲ್ಲ. ಲೆಕ್ಕವನ್ನು ಗ್ರಾಹಕನಿಗೆ ಒಪ್ಪಿಸಬೇಕೆಂದು 2016ರಲ್ಲಿ ಅವರೇ ಬರೆದಿದ್ದಾರೆ, ಅದನ್ನು ನಡೆಯಿಸಿಕೊಡಲಿ.